ನಿಂಗೆ ಇಷ್ಟು ಸಾಕು

ಮನೆಯ ಹಿಂಬದಿ ಕೋಣೆಯಿಂದ
ಮಾರ್ಚ್ ೯, ಸೋಮವಾರ

ಪ್ರೀತಿಯ ಅಕ್ಕಾ,

ಸೊಂಟದ ನೋವು ಹೇಗಿದೆ? ಆ ಆರೈಕೆ ಕೇಂದ್ರದ ನರ್ಸ್ ಕರೆದ ಕೂಡಲೇ ಬರುತ್ತಾಳೋ, ಈಗಲೂ ನಿನ್ನ ಗಾಲಿಕುರ್ಚಿಯನ್ನು ಕಿಟಕಿಯ ಹತ್ತಿರ ಬಿಟ್ಟು ಮರೆತೇಬಿಡುತ್ತಾಳೋ? ನಾನು ಆರಾಮ, ಆದರೆ ಮೈಯೆಲ್ಲ ಉರಿಯುತ್ತಿದೆ. ಜ್ವರವಲ್ಲ, ನನ್ನ ಸುಪುತ್ರ.

ನಾನು ಕಂಪ್ಯೂಟರ್ ಜೋಡಿಸುತ್ತಿರುವುದು ನಿನಗೆ ಗೊತ್ತಲ್ಲ. ಪ್ರೊಸೆಸರ್, ಅಂದರೆ ಅದರ ಮಿದುಳು, ಒಂದು ಬಾಕಿ ಇತ್ತು. ಮೊನ್ನೆ ಅವನ ಜೊತೆ ಅಂಗಡಿಗೆ ಹೋಗಿ ಬೇಕಾದ್ದರ ಹೆಸರನ್ನು ನಾನೇ ಹೇಳಿದೆ. ಅಂಗಡಿಯವನು ನನ್ನತ್ತ ನೋಡದೆ ಮಗನನ್ನು ಕೇಳಿದ, "ಅಮ್ಮ ಏನ್ ಮಾಡ್ತಾರೆ ಸರ್? ಫೋಟೊ ನೋಡೋದು, ಹಾಡು ಕೇಳೋದು ತಾನೆ?" ನಾನೇನು ಅಲ್ಲಿ ಕಂಬವೇ? ಇವನೂ ತಲೆಯಾಡಿಸಿ, ಇದ್ದುದರಲ್ಲೇ ಮಂದವಾದದ್ದನ್ನು ಕಟ್ಟಿಸಿಕೊಂಡು, "ನಿಂಗೆ ಇಷ್ಟು ಸಾಕಮ್ಮಾ" ಅಂದ.

ಸಾಕಂತೆ. ಜೀವಮಾನವಿಡೀ ಊರವರ ಮನೆಗಳಿಗೆ ನಕ್ಷೆ ಬರೆದವಳಿಗೆ ಎಷ್ಟು ಸಾಕೆಂದು ಇವನು ಹೇಳಬೇಕೇ? ಕೂದಲೆಳೆಯಷ್ಟು ಗೆರೆ ತಪ್ಪಿದರೂ ಹಾಳೆ ಹರಿದು ಮತ್ತೆ ಬರೆಯುತ್ತಿದ್ದೆ. ಈಗ ಕೈ ನಡುಗುತ್ತದೆ, ಈ ಅಕ್ಷರ ನೋಡಿದರೇ ತಿಳಿಯುತ್ತದೆ. ಅದಕ್ಕೇ ಕಂಪ್ಯೂಟರ್. ಆ ಮಂದ ಪ್ರೊಸೆಸರಿಗೆ ಕೋಣೆಯೊಂದನ್ನು ಪರದೆಯ ಮೇಲೆ ತಿರುಗಿಸು ಎಂದರೆ, ಅದು ತಿರುಗುವಷ್ಟರಲ್ಲಿ ನಾನು ಪಾತ್ರೆಯೆಲ್ಲ ತೊಳೆದು ಬರಬಹುದು.

ನಿನ್ನ ವಿಷಯದಲ್ಲೂ ಅವನದು ಅದೇ ರಾಗ. "ದೊಡ್ಡಮ್ಮಂಗೆ ಅಲ್ಲಿ ಎಲ್ಲಾ ಇದೆ, ಸಾಕಲ್ವಾ? ನಮ್ಮನೆ ಬಾಗಿಲಲ್ಲಿ ಕುರ್ಚೀನೇ ಹಿಡಿಯಲ್ಲ." ಈ 'ಸಾಕು' ಕೇಳಿ ಕೇಳಿ ನನಗೆ ಸಾಕಾಗಿದೆ.

ಡಬ್ಬಿಯ ಸೀಲು ಒಡೆಯದೆ ನಿನ್ನೆ ನಾನೊಬ್ಬಳೇ ಹೋಗಿ ವಾಪಸ್ ಕೊಟ್ಟೆ. ಅಂಗಡಿಯವನು ಈ ಸಲ ಉಲ್ಟಾ ಹೊಡೆದು ಹನ್ನೆರಡು ಕೋರ್, ಅಂದರೆ ಒಂದೇ ಮಿದುಳಿನೊಳಗೆ ಹನ್ನೆರಡು ಕೆಲಸಗಾರರು, ಇರುವುದನ್ನು ಮಾರಲು ಬಂದ. "ಎಷ್ಟಿವೆ ಅನ್ನೋದು ಆಮೇಲಾಯ್ತು, ಒಂದೊಂದೂ ಎಷ್ಟು ಚುರುಕು ಅದನ್ನ ಹೇಳಪ್ಪಾ" ಎಂದೆ. ನಮ್ಮ ಆಫೀಸಿನಲ್ಲೂ ಹನ್ನೆರಡು ಜನರಿದ್ದೆವು, ದುಡಿಯುತ್ತಿದ್ದವರು ಇಬ್ಬರೇ. ಕೋರ್‌ಗಳ ಲೆಕ್ಕ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಕೊನೆಗೆ ನನಗೆ ಬೇಕಾದದ್ದನ್ನೇ ತಂದು, ನನ್ನ ಕೈಯಾರೆ ಕೂರಿಸಿದೆ.

ಹೊತ್ತಿಗೆ ಸರಿಯಾಗಿ ಮಾತ್ರೆ ತಗೋ, ನರ್ಸಿನ ಜೊತೆ ಜಗಳವಾಡಬೇಡ, ಅದು ನನ್ನ ಪಾಲಿಗಿರಲಿ.

ನಿನ್ನ ಬಾಯಿಬಡುಕಿ ತಂಗಿ,
ಪುಟ್ಟಿ

ತಾ.ಕ.: ಅಂಚೆಗೆ ಹೊತ್ತಾಯಿತು, ಮುಖ್ಯವಾದದ್ದೇ ಉಳಿಯಿತು. ಇವತ್ತು ಬೆಳಿಗ್ಗೆ ಪರದೆಯಲ್ಲಿ ಹಿಂಬದಿ ಕೋಣೆಯ ಬಾಗಿಲು ಅಗಲಿಸಿ, ನಿನ್ನ ಗಾಲಿಕುರ್ಚಿಯನ್ನು ಒಳಗೆ ತಂದು ಪೂರ್ತಿ ಒಂದು ಸುತ್ತು ತಿರುಗಿಸಿದೆ. ಎಲ್ಲೂ ತಾಗಲಿಲ್ಲ, ಮಂಚಕ್ಕೂ ತಾಗಲಿಲ್ಲ. ಮಗ ಹಿಂದೆ ನಿಂತು ನೋಡಿ, ಮೇಸ್ತ್ರಿಯನ್ನು ಕರೆಯಲು ಹೋಗಿದ್ದಾನೆ. ಬಟ್ಟೆಬರೆ ಕಟ್ಟಿಡು ಅಕ್ಕಾ. ನೀನೂ 'ನಂಗೆ ಇಲ್ಲೇ ಸಾಕು' ಅಂದರೆ ಮಾತು ಬಿಟ್ಟೇನು.