ಟೇಪಿನೊಳಗಿನ ಕೂಗು

ಬಿಜ್ಜರಗಿ, ೧೨ ಮಾರ್ಚ್ ೧೯೭೬

ನಮ್ಮ ಯಲಗೂರಪ್ಪನ ತಂದೆಯವರಿಗೆ ಹೊಳೆವ್ವನ ನಮಸ್ಕಾರ.

ಕಂಬಳಿ, ಕಟಕ ರೊಟ್ಟಿ ತಮ್ಮನ ಕೈಯಲ್ಲಿ ಜೈಲಿಗೆ ಕಳಿಸಿದ್ದೇನೆ. ನಾನು ಬರಲಿಲ್ಲ. ಯಾವ ಮುಖ ಹೊತ್ತು ಬರಲಿ?

ನಮ್ಮ ಪಡಸಾಲೆಯ ಭಜನೆ ಹಿಡಿಯಲು ಕಾಸಿಮಸಾಬರು ತಂದಿದ್ದ ಟೇಪಿನ ಮಷಿನ್, ಭಜನೆ ಮುಗಿದ ಮೇಲೂ ತಿರುಗುತ್ತಿತ್ತೆಂದು ಯಾರಿಗೆ ಗೊತ್ತಿತ್ತು? "ಬೀರಣ್ಣನ ಬಣವಿ ಸುಡತೇನಿ" ಅನ್ನುವ ಮಾತು ಅದರಲ್ಲಿ ಉಳಿದಿತ್ತು. ಆ ದನಿ ನಿಮ್ಮದಲ್ಲವೆಂದು ನೀವು ಆಣೆ ಮಾಡಿದಿರಿ. ನಂಬಿಕೊಂಡೇ ನಾನು ಬಿಜಾಪುರದ ಕೋರ್ಟಿನಲ್ಲಿ ಹಿಂದಿನ ಬೆಂಚಿನ ಮೇಲೆ ಕೂತಿದ್ದೆ.

ಟೇಪು ಹಚ್ಚಿದರು. ಬಣವೆಯ ಮಾತಿನ ಹಿಂದೆಯೇ, "ಲೇ, ಎಲ್ಲಿ ಸತ್ತೀ? ನೀರ ತಾ!" ಅಂತ ಕೂಗು ಬಂತು. ನಾನು ತಲೆ ಮೇಲೆ ಸೆರಗೆಳೆದುಕೊಂಡು ಎದ್ದು ನಿಂತು, "ಬಂದ್ನಿರೀ" ಅಂದುಬಿಟ್ಟೆ.

ಆಮೇಲೆ ಅದು ಯಾರ ದನಿಯೆಂದು ಜಡ್ಜ್ ಸಾಹೇಬರು ಯಾರನ್ನೂ ಕೇಳಲಿಲ್ಲ.

ಜನ ನಕ್ಕರು. ಬಣವೆಗೆ ಬಿದ್ದ ಬೆಂಕಿ ಆರಿಸಲು ಹೋಗಿ ಕೈ ಸುಟ್ಟುಕೊಂಡ ಬೀರಣ್ಣ ನಗಲಿಲ್ಲ. "ಕೂಡು ತಂಗಿ, ಕೂಡು" ಅಂದ. ಆ ಕೈ ನೋಡಲಾಗಲಿಲ್ಲ ನನಗೆ.

ಒಂದು ಬೇಡಿಕೆ. ಬಿಡುಗಡೆಯಾಗಿ ಬಂದಾಗ ಬಾಗಿಲಲ್ಲಿ ನನ್ನನ್ನು ಕೂಗಬೇಡಿ. ನೀರಿನ ಗಡಿಗೆ ಹೊರಗೆ ಕಟ್ಟೆಯ ಮೇಲೆ ಇಟ್ಟಿರುತ್ತೇನೆ.

ಇಂತಿ,
ಹೊಳೆವ್ವ