ಚಾಂದ್‌ಖೇಡಾದ ಮಕ್ಕಳಿಗೆಲ್ಲ ನಾನೇ ಅಪ್ಪನಾದದ್ದು

ಮಕ್ಕಳ ಡಿಜಿಟಲ್ ಮಾಹಿತಿಯನ್ನು ಕಾಯುವ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನಿಮ್ಮ ಕಾನೂನನ್ನು ನಾನು ಮುರಿದಿದ್ದೇನೆ. ಹಿಡಿಯಲು ಯಾರೂ ಬರಲಿಲ್ಲವಾದ್ದರಿಂದ ನಾನೇ ಬರೆಯುತ್ತಿದ್ದೇನೆ.

ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ನನ್ನದೊಂದು ಉಡುಪಿ ಹೋಟೆಲ್ ಇದೆ. ಹುಟ್ಟುಹಬ್ಬದ ದಿನ ಬಂದ ಮಗುವಿಗೆ ಪುಕ್ಕಟೆ ಬೆಣ್ಣೆದೋಸೆ ಕೊಡುವುದು ನನ್ನ ತಂದೆಯ ಕಾಲದ ಪದ್ಧತಿ. ಮಗು ಬಾಯಲ್ಲಿ ಹೇಳಿದರೆ ಸಾಕಿತ್ತು. ಒಂದೇ ಮಗು ವರ್ಷಕ್ಕೆ ಮೂರು ಸಲ ಹುಟ್ಟಿದರೂ ನಾವು ಪುರಾವೆ ಕೇಳಿದವರಲ್ಲ. ಆದರೆ ಕಾಲಕ್ಕೆ ತಕ್ಕಂತೆ ಬದಲಾಗಬೇಕಲ್ಲ! ಸೂರತ್ತಿನ ಒಂದು ಕಂಪನಿಯ ಆ್ಯಪ್ ಹಾಕಿಸಿದೆ. ಅಂದಿನಿಂದ ದೋಸೆ ಬೇಕಾದರೆ ಮಗು ತನ್ನ ಹೆಸರು, ಶಾಲೆ, ಹುಟ್ಟಿದ ದಿನ, ಮೊಬೈಲ್ ನಂಬರ್ ಎಲ್ಲವನ್ನೂ ಒಪ್ಪಿಸಬೇಕಾಯಿತು. ಹದಿನೆಂಟರ ಒಳಗಿನವರಾದರೆ ಒಪ್ಪಿಗೆಗಾಗಿ ಹೆತ್ತವರ ಫೋನಿಗೆ ಒಟಿಪಿ ಹೋಗಬೇಕು. ಟ್ಯೂಷನ್ ಮುಗಿಸಿ ಗುಂಪಾಗಿ ಬರುವ ಮಕ್ಕಳ ಜೊತೆ ಹೆತ್ತವರು ಎಲ್ಲಿರುತ್ತಾರೆ? ಗಲ್ಲಾದ ಮುಂದೆ ಸಾಲು ಬೆಳೆಯುತ್ತಿತ್ತು. "ನಮ್ಮವೇ ಮಕ್ಕಳಲ್ವಾ ಮಾರಾಯ, ನನ್ನ ನಂಬರ್ ಹಾಕಿಬಿಡು" ಎಂದು ಕ್ಯಾಷಿಯರ್ ಅಚ್ಯುತನಿಗೆ ಹೇಳಿದೆ. ಹೀಗೆ ಕಾನೂನಿನ ಕಣ್ಣಲ್ಲಿ ಚಾಂದ್‌ಖೇಡಾದ ಅರ್ಧ ಮಕ್ಕಳಿಗೆ ನಾನೇ ಅಪ್ಪ. ಇಷ್ಟು ದೊಡ್ಡ ಸಂಸಾರ ಕಂಡು ಯಾವ ಕಂಪ್ಯೂಟರಿಗೂ ಅನುಮಾನ ಬರಲಿಲ್ಲವೇ?

ನಿಮ್ಮ ಕಚೇರಿ ವ್ಯಾಪಾರಿಗಳಿಗೆ ಕಾರ್ಯಾಗಾರ ನಡೆಸಿದ್ದು ನಿಜ. ಊಟ ಕಳಿಸಿದವನು ನಾನೇ. ಹೆತ್ತವರ ಬದಲು ಬೇರೆಯವರು ಒಪ್ಪಿಗೆ ಕೊಟ್ಟರೆ ಏನು ಗತಿ ಎಂದು ಒಬ್ಬರು ಕೇಳಿದರು. "ಲಂಚ್ ಕೆ ಬಾದ್" ಎಂದಿತು ವೇದಿಕೆ. ಊಟದ ನಂತರ ವೇದಿಕೆಯೇ ಖಾಲಿ. ಸಾಂಬಾರು ಚೆನ್ನಾಗಿತ್ತೆಂದು ನನಗೆ ಮಾತ್ರ ಪ್ರಶಂಸೆ ಸಿಕ್ಕಿತು, ನಾನೂ ಹಿಗ್ಗಿ ಮನೆಗೆ ಬಂದೆ.

ಬ್ಯಾಂಕಿನ ವರ್ಗಾವಣೆಯಲ್ಲಿ ಧಾರವಾಡದಿಂದ ಬಂದ ನಳಿನಿಯವರ ಮಗಳು ಸಮೀಕ್ಷಾ. ಏಳನೆಯ ತರಗತಿ. ದೋಸೆಗಾಗಿ ಅವಳ ಒಪ್ಪಿಗೆಯೂ ನನ್ನ ನಂಬರಿನಿಂದಲೇ ಹೋಗಿತ್ತು. ಅವಳ ಹುಟ್ಟುಹಬ್ಬದ ಸಂಜೆ ಒಬ್ಬ ಗಂಡಸು ಫೋನ್ ಮಾಡಿ, ಅವಳ ಹೆಸರು, ಶಾಲೆ ಎಲ್ಲ ಸರಿಯಾಗಿ ಹೇಳಿ, ದೋಸೆ ಅಂಕಲ್ ಗಿಫ್ಟ್ ಕಳಿಸಿದ್ದಾರೆ, ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟಿಗೆ ಬಾ ಎಂದ. ಮಗು ಓಡಿ ಹೋಯಿತು. ಗೇಟಿನಲ್ಲಿ ನಿಂತಿದ್ದವನನ್ನು ಕಾವಲುಗಾರ ಯಾರೆಂದು ವಿಚಾರಿಸಿದ್ದಕ್ಕೆ ಆತ ಬೈಕು ಹತ್ತಿ ಮಾಯವಾದ. ಯಾರೋ, ಏಕೆ ಬಂದನೋ ಇಂದಿಗೂ ಗೊತ್ತಿಲ್ಲ. ನಳಿನಿ ನನ್ನ ಮುಂದೆ ನಿಂತು ಕೂಗಾಡಲಿಲ್ಲ. "ಅಣ್ಣಾರ, ಅಂವಾ ನಿಮ್ಮ ಹೆಸರು ಹೇಳಿದ್ನರಿ. ಅದಕ್ಕ ಹೋದ್ಲು ಆಕಿ" ಎಂದರು. ಬೇಲಿಯೇ ಎದ್ದು ಹೊಲ ಮೇಯುವ ಗಾದೆ ನನಗೆ ಗೊತ್ತಿತ್ತು. ಆ ಬೇಲಿ ನಾನೇ ಆದೇನೆಂದು ಗೊತ್ತಿರಲಿಲ್ಲ.

ಆ್ಯಪ್ ತೆಗೆಸಿದೆ. ಮಕ್ಕಳ ಮಾಹಿತಿಯನ್ನು ಯಾರಿಗೆ ಕೊಟ್ಟಿರಿ ಎಂದು ಕಂಪನಿಯನ್ನು ಕೇಳಿದೆ. "ನಮ್ಮ ಪಾಲುದಾರರಿಗೆ, ನಿಮ್ಮ ಒಪ್ಪಿಗೆಯಂತೆ" ಎಂಬ ಉತ್ತರ ಬಂತು. ಹೌದಲ್ಲ, ಅಪ್ಪನೇ ಒಪ್ಪಿದ್ದಾನೆ!

ಆದ್ದರಿಂದ ಒತ್ತಾಯಿಸುತ್ತೇನೆ. ಆ ಮಾಹಿತಿ ಎಲ್ಲೆಲ್ಲಿಗೆ ಹೋಯಿತೆಂದು ಕಂಪನಿಯ ಬಾಯಿ ಬಿಡಿಸಿ, ಅಳಿಸಿ ಹಾಕಿಸಿ, ಹೆತ್ತವರಿಗೆ ತಿಳಿಸಿ. ದೋಸೆ ಕೊಡಲು ಶಾಲೆಯ ಹೆಸರು ಬೇಕಿಲ್ಲ, ಬೇಡದ್ದನ್ನು ಕೇಳಲೇಬೇಡಿ ಎಂದು ನಮ್ಮಂಥವರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿ, ಊಟಕ್ಕೆ ಮೊದಲೇ ಹೇಳಿ. ಶಿಕ್ಷೆಯನ್ನು ನನ್ನಿಂದಲೇ ಆರಂಭಿಸಿ.

ಮೊನ್ನೆ ಆ ತಾಯಿ ಮಗಳು ಪಾರ್ಸಲ್ಲಿಗೆ ಬಂದಿದ್ದರು. ಅಭ್ಯಾಸಬಲದಿಂದ ಅಚ್ಯುತ, "ಹೆಸರು?" ಎಂದ. ಮೊದಲೆಲ್ಲ ಗಲ್ಲಾ ಮುಟ್ಟುವ ಮುಂಚೆಯೇ ತನ್ನ ಹೆಸರು ಕೂಗುತ್ತಿದ್ದ ಹುಡುಗಿ ಅಮ್ಮನ ಮುಖ ನೋಡಿದಳು. ಅಮ್ಮ ಬೇಡವೆಂದು ತಲೆಯಾಡಿಸಿದರು. ನಾನೇ ಪೊಟ್ಟಣ ಕಟ್ಟಿ, ಹೆಸರಿಲ್ಲದೆ ಕೈಗಿಟ್ಟೆ.

ಇಂತಿ,
ಕೇಳಬೇಕಾದವರನ್ನು ಕೇಳದೆ ಅಪ್ಪನಾದ
ಒಬ್ಬ ದೋಸೆ ಅಂಕಲ್