ಹಿಂದಕ್ಕೆ ಮೂರು ಹೆಜ್ಜೆ

ಲೋಮ್, ಬಲ್ಗೇರಿಯಾ
ಮೇ ೧೪, ೨೦೨೩

ಪ್ರೀತಿಯ ಬುಕಾ ಅಕ್ಕ,

ದೂರದ ಇಸ್ರೇಲಿನ ಯಾಫೋದಲ್ಲಿ ಎಲ್ಲರೂ ಚೆನ್ನಾಗಿದ್ದೀರಾ? ಉತ್ತರ ತಡವಾಯಿತು, ಬೈಯಬೇಡ. ಕೋಳಿ ಕೆದರಿದಂತಿರುವ ಅಕ್ಷರ ನೋಡಿ ನಗಲೂಬೇಡ. ಬಲಗೈಗೆ ಪ್ಲಾಸ್ಟರ್ ಹಾಕಿದ್ದಾರೆ. ಇದು ಎಡಗೈ ಬರಹ.

ನಿನ್ನ ಕಾಗದ ಮೂರು ಸಲ ಓದಿದೆ. "ಅರವತ್ತೆಂಟು ವರ್ಷದೋಳು ಕಣ್ಣಿಗೆ ಡಬ್ಬ ಕಟ್ಕೊಂಡು ಗೊಂಬೆಯಾಟ ಆಡ್ತೀಯಲ್ಲೇ! ಹತ್ತು ಗೊಂಬೆ ಸೇರಿದ್ರೆ ಹತ್ತು ಜನ ಆಗ್ತಾರೇನೆ?" ಎಂದು ಬರೆದಿದ್ದೀಯ. ಆಗುತ್ತಾರೆ ಅಕ್ಕ. ತೀರಿಕೊಂಡ ಅಮ್ಮನ ಹೆಸರಿನಲ್ಲಿ ಕದ್ದೀಶ್ ಪ್ರಾರ್ಥನೆ ಹೇಳಲು ಹತ್ತು ಜನ ಬೇಕು. ಲೋಮ್‌ನಲ್ಲಿ ಉಳಿದಿರುವ ಯಹೂದಿಗಳು ಮೂವರು. ಅವರಲ್ಲೊಬ್ಬನಿಗೆ ನನ್ನ ಮುಖ ಕಂಡರಾಗದು. ನಾನೇನು ಮಾಡಬೇಕಿತ್ತು, ಸುಮ್ಮನಿರಬೇಕಿತ್ತೇ?

ಆ ಡಬ್ಬ ಕಟ್ಟಿಕೊಂಡರೆ ಕಣ್ಣೆದುರು ತೆರೆಯುವ ಕಂಪ್ಯೂಟರಿನೊಳಗಿನ ನಮ್ಮ ಪ್ರಾರ್ಥನಾ ಮಂದಿರ, ಸಿನಗಾಗ್‌ನಲ್ಲಿ ಪ್ರತಿ ಗುರುವಾರ ಊರೂರಿನಿಂದ ಸರಿಯಾಗಿ ಹತ್ತು ಜನ, ಒಬ್ಬೊಬ್ಬರೂ ಒಂದೊಂದು ಗೊಂಬೆಯ ರೂಪದಲ್ಲಿ, ಸೇರುತ್ತೇವೆ. ಮೊದಲು ಧರ್ಮಗ್ರಂಥದ ಪಾಠ, ಆಮೇಲೆ ಪ್ರಾರ್ಥನೆ. ಪಾಠ ಹೇಳುವವರು ಗ್ರೀಸಿನ ಸಾಲೊನಿಕದ ಆಲ್ಬೆರ್ತೋ, ನಿವೃತ್ತ ದಂತವೈದ್ಯರು. ತಮ್ಮ ಗೊಂಬೆಗೆ ಗಡ್ಡ ಅಂಟಿಸಲು ಹೋಗಿ ಎರಡು ವಾರ ಹುಂಜದ ತಲೆ ಹೊತ್ತು ಬಂದಿದ್ದರು. ಆ ಹುಂಜದ ಜೊತೆಗೇ ಒಂದು ಪದದ ಅರ್ಥಕ್ಕಾಗಿ ಕಿತ್ತಾಡಿದೆವು. ಯಾರೂ ಪಾಠ ತಪ್ಪಿಸಲಿಲ್ಲ.

ಕೈ ಮುರಿದದ್ದೂ ಅಲ್ಲೇ. ನಿಂತು ಹೇಳುವ ಪ್ರಾರ್ಥನೆ ಮುಗಿದಾಗ ಮೂರು ಹೆಜ್ಜೆ ಹಿಂದೆ ಸರಿದು ತಲೆ ಬಾಗುತ್ತೇವಲ್ಲ, ಗೊಂಬೆ ಸರಿದಿದ್ದರೆ ಸಾಕಿತ್ತು. ನಾನೇ ಸರಿದೆ. ಅಲ್ಲಿ ಅಮೃತಶಿಲೆಯ ವಿಶಾಲ ನೆಲ, ಇಲ್ಲಿ ಅಮ್ಮನ ಹೊಲಿಗೆ ಯಂತ್ರ. ಎಡವಿ ದೊಪ್ಪನೆ ಬಿದ್ದೆ. ಎಲ್ಲರೂ ಒಟ್ಟಿಗೆ ಕೂಗಿಕೊಂಡರು. ತುರ್ತಿಗಿರಲಿ ಎಂದು ಪಕ್ಕದ ಮನೆಯ ರಾದ್ಕಾಳ ನಂಬರು ಕೊಟ್ಟಿದ್ದೆ. ಆಲ್ಬೆರ್ತೋ ಅವಳಿಗೆ ಫೋನ್ ಮಾಡಿದರು. ಅವಳು ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಯಾರೇ ಅವ್ನು ಗ್ರೀಕಿನೋನು? 'ಬಾಗ್ಲು ಒಡೀರಿ' ಅಂತ ನಂಗೇ ಆರ್ಡರ್ ಮಾಡ್ತಾನೆ! ಈ ವಯಸ್ಸಲ್ಲಿ ಗೆಳೆಯನ್ನ ಹಿಡ್ದಿದ್ದೀಯಾ?"

"ಹಲ್ಲಿನ ಡಾಕ್ಟ್ರು ಕಣೆ. ಮೊದ್ಲು ನನ್ನ ಎಬ್ಬಿಸು, ಆಮೇಲೆ ವಿಚಾರಣೆ ಮಾಡು," ಎಂದೆ.

ಗೊಂಬೆಗಳಿಗೆ ಇಷ್ಟು ಕರುಳು ಇರುತ್ತದಾ ಅಕ್ಕ? ನಾನಂತೂ ಬಿಡುವುದಿಲ್ಲ. ಪ್ಲಾಸ್ಟರ್ ಹಾಕಿದ ಡಾಕ್ಟರು ಬೇಡವೆಂದರೂ ಅಷ್ಟೆ, ನೀನು ಬೇಡವೆಂದರೂ ಅಷ್ಟೆ. ಹೊಲಿಗೆ ಯಂತ್ರವನ್ನು ಅಡುಗೆಮನೆಗೆ ಸಾಗಿಸಿದ್ದೇನೆ. ಈ ಗುರುವಾರ ಮತ್ತೆ ಮೂರು ಹೆಜ್ಜೆ ಹಿಂದಕ್ಕಿಡುತ್ತೇನೆ, ನನ್ನ ಕಾಲಿನಿಂದಲೇ.

ನೂರಿಪ್ಪತ್ತು ವರ್ಷ ಬಾಳು ಅಕ್ಕ, ನನ್ನ ಜೊತೆ ಜಗಳವಾಡಲಿಕ್ಕಾದರೂ.

ನಿನ್ನ ತಂಗಿ,
ಝೆಲ್ಮಾ

ತಾ.ಕ.: ನಮ್ಮ ಹತ್ತರಲ್ಲಿ ನೀಲಿ ಶಾಲಿನ ಗೊಂಬೆಯೊಂದಿದೆ. ಸೆಪ್ಟೆಂಬರಿನಲ್ಲಿ ಅಮ್ಮ ಹೋದಾಗಿನಿಂದ ಬಂದು ಹಿಂದಿನ ಸಾಲಿನಲ್ಲಿ ನಿಲ್ಲುತ್ತದೆ, ಬಾಯಿ ಬಿಡುವುದಿಲ್ಲ. ನಾನು ಬಿದ್ದಾಗ ಮಾತ್ರ "ಪಷಾರಿಕಾ!" ಎಂದು ಚೀರಿತು. ನಮ್ಮ ಮನೆಮಾತಿನಲ್ಲಿ ಹಾಗೆ, ಗುಬ್ಬಚ್ಚಿ ಎಂದು, ನನ್ನನ್ನು ಕರೆಯುತ್ತಿದ್ದವರು ಇಬ್ಬರೇ. ಅವರಲ್ಲಿ ಅಮ್ಮ ಗುಡ್ಡದ ಮೇಲೆ ಮಣ್ಣಿನಲ್ಲಿದ್ದಾಳೆ. ನಿನಗಾಗಿ ಮಣ್ಣು ಮಾಡುವುದನ್ನು ಒಂದಿಡೀ ದಿನ ತಡೆದಿದ್ದೆ, ನೀನು ಬರಲಿಲ್ಲ. ಅದನ್ನು ನಾನು ಕ್ಷಮಿಸಿಲ್ಲ. ಆದರೆ ಈ ಕಾಗದ ಕೈಸೇರಿದ ಮೇಲೆ ಬರುವ ಗುರುವಾರ ನಾನು ಕದ್ದೀಶ್ ಹೇಳುವಾಗ ಬಾಯಿಬಿಟ್ಟು ಆಮೆನ್ ಅನ್ನು. ನೀನಿಲ್ಲದಿದ್ದರೆ ನಾವು ಒಂಬತ್ತೇ ಜನ.